ಕುಮಟಾ ಹತ್ತಿರದ ಹೋಮ್‌ಸ್ಟೇ: ಲ್ಯಾಪ್‌ಟಾಪ್ ಹಿಡಿದು ಹೋಗುವವರಿಗೆ

ಕುಮಟಾದಿಂದ ಬಾಡದ ಕಡೆ ಹೋಗುವ ದಾರಿಯಲ್ಲಿರುವ ಮನೆ. ಮೇಲೆ ಮೂರೇ ಕೋಣೆ, ಮನೆಯವರು ಕೆಳಗೆ ಇರುತ್ತಾರೆ. ಒಂದೆರಡು ದೂರು ಬರೆಯುವುದಿದೆ, ಹಾಗಾಗಿ ಹೆಸರು ಹಾಕುತ್ತಿಲ್ಲ. ತಿಂಗಳುಗಟ್ಟಲೆ ಕೂತು ಕೆಲಸ ಮಾಡಬಹುದಾ ಅಂದರೆ ಧಾರಾಳವಾಗಿ ಮಾಡಬಹುದು. ಆದರೆ ಬುಕ್ ಮಾಡುವ ಮುಂಚೆ ಒಂದು ವಿಷಯ ಕೇಳಿಕೊಳ್ಳಿ.

ಫೈಬರ್ ಇದೆಯಾ ಅಂತಲ್ಲ, ಅದು ಈಗ ಎಲ್ಲರ ಮನೆಯಲ್ಲೂ ಇದೆ. ಕರೆಂಟು ಹೋದರೆ ರೂಟರ್ ಇನ್ವರ್ಟರ್ ಮೇಲೆ ಓಡುತ್ತದಾ ಅಂತ ಕೇಳಿ. ಇಲ್ಲಿ ಫ್ಯಾನು, ಲೈಟು ಇನ್ವರ್ಟರಿಗೆ ಇತ್ತು, ರೂಟರ್ ಇರುವ ಪ್ಲಗ್ಗಿಗೆ ಇರಲಿಲ್ಲ. ಮೀಟಿಂಗ್ ನಡುವೆ ಕರೆಂಟು ಹೋಯಿತು ಅಂದರೆ ಫ್ಯಾನಿನ ಕೆಳಗೆ ಆರಾಮಾಗಿ ಕೂತು ನಿಂತುಹೋದ ವಿಡಿಯೋ ನೋಡುವುದು, ಅಷ್ಟೇ. ಆ ಹೊತ್ತಿಗೆ ಸುತ್ತಲಿನವರೆಲ್ಲ ಮೊಬೈಲ್ ಡೇಟಾಕ್ಕೆ ಬಂದಿರುತ್ತಾರೆ, ಹಾಟ್‌ಸ್ಪಾಟ್ ಕೂಡ ತೆವಳುತ್ತದೆ. ಮನೆಯವರಿಗೆ ಹೇಳಿದ ಮೇಲೆ ಎಲೆಕ್ಟ್ರಿಷಿಯನ್ ಕರೆಸಿ ಲೈನ್ ಬದಲಿಸಿದರು. ಅದಕ್ಕೆ ಅವರಿಗೆ ಪೂರ್ತಿ ಅಂಕ. ಆದರೂ ಕರೆಂಟು ತುಂಬಾ ಹೊತ್ತು ಬರದಿದ್ದರೆ ಬೀದಿಯಲ್ಲಿರುವ ಕೇಬಲ್‌ನವರ ಡಬ್ಬಿಯ ಬ್ಯಾಟರಿಯೂ ಮುಗಿಯುತ್ತದೆ, ಅದಕ್ಕೆ ಯಾರೂ ಏನೂ ಮಾಡೋಕಾಗಲ್ಲ. ಎರಡು ಕಂಪನಿಯ ಸಿಮ್ ಇಟ್ಟುಕೊಂಡು ಹೋಗಿ.

ಫೋಟೋದಲ್ಲಿ ಸಮುದ್ರಕ್ಕೆ ಮುಖ ಮಾಡಿದ ಒಂದು ಮೇಜು ಕಾಣಿಸುತ್ತದೆ ಅಲ್ವಾ, ಅದು ಫೋಟೋಕ್ಕೇ ಚೆಂದ. ಮಧ್ಯಾಹ್ನ ಮೂರರ ಮೇಲೆ ಪಡುವಣದ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ. ಕಿಟಕಿ ತೆಗೆದಿಟ್ಟರೆ ಉಪ್ಪುಗಾಳಿಗೆ ಸ್ಕ್ರೀನ್ ಮೇಲೆ ಜಿಗುಟು ಪೊರೆ ಕೂರುತ್ತದೆ, ಬೆರಳಿನಲ್ಲಿ ಒರೆಸಿದರೆ ಇನ್ನೂ ಹರಡುತ್ತದೆ. ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿದ ಹಳೇ ಮರದ ಮೇಜಿದೆ, ಅದನ್ನು ಕೇಳಿ ಪಡೆಯಿರಿ. ಕುರ್ಚಿ ಮಾತ್ರ ಪ್ಲಾಸ್ಟಿಕ್ಕಿಂದು. ಬೆನ್ನು ನೋವಿರುವವರು ಯೋಚಿಸಿ.

ಊಟದ ವಿಷಯಕ್ಕೆ ಬಂದರೆ ನನ್ನ ದೂರೆಲ್ಲ ಮರೆತುಹೋಗುತ್ತದೆ. ಮಧ್ಯಾಹ್ನ ಒಂದೂವರೆಗೆ ಕೆಳಗಿನಿಂದ ಕರೆಯುತ್ತಾರೆ. ಕುಚ್ಚಲಕ್ಕಿ ಅನ್ನ, ಜುಮ್ಮನಕಾಯಿ (ನಾಲಿಗೆ ಜುಮ್ಮೆನ್ನಿಸುವ ಮಸಾಲೆ ಕಾಯಿ) ಹಾಕಿದ ಬಂಗುಡೆ ಸಾರು, ಪಕ್ಕದಲ್ಲಿ ಒಂದು ತಂಬುಳಿ, ಕೆಲವು ದಿನ ಬಳಚಿನ (ಚಿಪ್ಪುಮೀನಿನ) ಸುಕ್ಕ. ಬಳಚು ಅಘನಾಶಿನಿ ಹೊಳೆಯದು. ಇಳಿತದ ಹೊತ್ತಿಗೆ ಹೊಳೆಯಲ್ಲಿ ಸೊಂಟದ ಮಟ್ಟ ನೀರಲ್ಲಿ ನಿಂತು ಬಳಚು ಆಯುವವರನ್ನು ನೀವೇ ಹೋಗಿ ನೋಡಬಹುದು. ಮಾರ್ಚ್ ಕಳೆಯುತ್ತಿದ್ದ ಹಾಗೆ ಹೆದ್ದಾರಿ ಬದಿಯಲ್ಲಿ ಕುಮಟಾದ ಸಿಹಿ ಈರುಳ್ಳಿ ಬರುತ್ತದೆ. ಒಣಗಿದ ಸೊಪ್ಪಿನ ಸಮೇತ ಜಡೆ ಹೆಣೆದು ಸಾಲಾಗಿ ತೂಗುಹಾಕಿರುತ್ತಾರೆ. ಇವರ ಮನೆಯಲ್ಲೂ ಅಡುಗೆಕೋಣೆ ತೊಲೆಗೆ ಒಂದಿಷ್ಟು ನೇತಾಡುತ್ತಿರುತ್ತದೆ. ಹಸಿಯಾಗೇ ಹೆಚ್ಚಿ ಉಪ್ಪು ಹಾಕಿ ಕೊಡುತ್ತಾರೆ, ಕಣ್ಣಲ್ಲಿ ನೀರು ಬರುವುದೇ ಇಲ್ಲ. ಸಸ್ಯಾಹಾರಿಗಳಿಗೆ ಬೇರೆ ಅಡುಗೆ ಮಾಡಿಕೊಡುತ್ತಾರೆ, ಆದರೆ ಹಿಂದಿನ ದಿನವೇ ಹೇಳಬೇಕು.

ಅಮೆರಿಕದ ಸಮಯಕ್ಕೆ ಕೆಲಸ ಮಾಡುವವರು ಒಂದು ಮಾತು ನೆನಪಿಡಿ. ಒಂಬತ್ತಕ್ಕೆ ಗೇಟು ಹಾಕುತ್ತಾರೆ. ಆಮೇಲೆ ಹಸಿವಾದರೆ ನಿಮ್ಮ ಹತ್ತಿರ ಇರುವ ಬಿಸ್ಕತ್ತೇ ಗತಿ. ನಾನು ಕೆಳಗಿನವರ ಕೈಲಿ ಸಂಜೆಯೇ ಡಬ್ಬಿ ಕಟ್ಟಿಸಿಕೊಳ್ಳುತ್ತಿದ್ದೆ. ಫೋನಿನಲ್ಲಿ ಜೋರಾಗಿ ಮಾತಾಡಿದರೆ ಇಡೀ ಮನೆಗೆ ಕೇಳಿಸುತ್ತದೆ ಅನ್ನುವುದೂ ಗೊತ್ತಿರಲಿ.

ರಜೆ ದಿನಕ್ಕೆ ಮಿರ್ಜಾನ್ ಕೋಟೆ ಇದೆ. ಜನ ಜಾಸ್ತಿ ಇರಬೇಕು ಅನಿಸಿದರೆ ಗೋಕರ್ಣ. ನನಗೆ ಇಷ್ಟ ಆಗಿದ್ದು ಗೋಕರ್ಣಕ್ಕಿಂತ ಅಲ್ಲಿಗೆ ಹೋಗುವ ದಾರಿ. ಅಘನಾಶಿನಿ ಊರಿನಿಂದ ದೋಣಿ ಹತ್ತಿ ತದಡಿಯಲ್ಲಿ ಇಳಿಯುವುದು, ಹೆದ್ದಾರಿ ಸುತ್ತುವ ರಗಳೆಯೇ ಇಲ್ಲ. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ರಾತ್ರಿ ರೈಲು ಕುಮಟಾದಲ್ಲಿ ನಿಲ್ಲುತ್ತದೆ, ವಾರಾಂತ್ಯದ ಟಿಕೆಟ್ ಮುಂಚೆಯೇ ಮಾಡಿಸಿ.

ಯಾವಾಗ ಹೋಗಬೇಕು ಅಂದರೆ ಡಿಸೆಂಬರಿನಿಂದ ಮಾರ್ಚ್ ಒಳ್ಳೆಯದು. ಏಪ್ರಿಲ್, ಮೇನಲ್ಲಿ ಕೂತಲ್ಲೇ ಬೆವರು, ಎಸಿ ಒಂದೇ ಕೋಣೆಯಲ್ಲಿದೆ. ಜೂನ್ ಮೇಲಂತೂ ಹೊರಗೆ ಹಾಕಿದ ಬಟ್ಟೆ ಒಣಗಲ್ಲ, ಕರೆಂಟಿನ ಕಥೆ ಹೇಳೋದೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಒಳ್ಳೆ ಮೀನೂ ಕಷ್ಟ. ಮಳೆಗಾಲದ ಫೋಟೋ ನೋಡಿ ಮರುಳಾಗಬೇಡಿ.

ಬಾಡಿಗೆ ಊಟ ಸೇರಿ ತಿಂಗಳಿಗೆ 24,000 ರೂಪಾಯಿ ಕೊಟ್ಟೆ. ಬೆಂಗಳೂರಿನಲ್ಲಿ ಪಿಜಿ, ಊಟ, ಆಟೋ ಎಲ್ಲ ಲೆಕ್ಕ ಹಾಕಿದರೆ ಇದು ದುಬಾರಿ ಅನಿಸಲಿಲ್ಲ. ಮುಂಗಡ ವಾಪಸ್ ಕೊಡಲು ಮಾತ್ರ ಸುಮ್ನೆ ಸತಾಯಿಸಿದರು, ಫೋನ್ ಮೇಲೆ ಫೋನ್ ಮಾಡಬೇಕಾಯಿತು. ಜಿಎಸ್‌ಟಿ ಬಿಲ್ ಇಲ್ಲ, ಕೈಯಲ್ಲಿ ಬರೆದ ರಸೀದಿ ಕೊಡುತ್ತಾರೆ. ಕಂಪನಿಯಿಂದ ದುಡ್ಡು ವಾಪಸ್ ಪಡೆಯುವವರಿದ್ದರೆ ಆ ರಸೀದಿ ನಡೆಯುತ್ತದಾ ಅಂತ ಹೋಗುವ ಮುಂಚೆಯೇ ಆಫೀಸಿನಲ್ಲಿ ವಿಚಾರಿಸಿ.