ದುರ್ಗದ ಶಾಲೆಯ ಬೀರುವಿಗೆ ಯಾವ ಕಾದಂಬರಿ ಮೊದಲು?

ಚಿತ್ರದುರ್ಗದ ಯಾವ ಶಾಲೆಯಲ್ಲಾದರೂ ಸರಿ, ಗ್ರಂಥಾಲಯಕ್ಕೆ ಕಾದಂಬರಿ ಕೊಳ್ಳುವ ಮಾತು ಬಂದರೆ ಸಾಕು, 'ಮೇಷ್ಟ್ರೆ, ಮೊದಲು ದುರ್ಗಾಸ್ತಮಾನ ತರಿಸಿ, ನಮ್ಮೂರಿನ ಪುಸ್ತಕ' ಎನ್ನುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅಭಿಮಾನ ನನಗೂ ಇದೆ. ಅದನ್ನು ಬರೆದ ತ.ರಾ.ಸು. 1920ರಲ್ಲಿ ಹುಟ್ಟಿದ್ದು ಮಲೇಬೆನ್ನೂರಿನಲ್ಲಿ. ಆಗ ಅದು ಚಿತ್ರದುರ್ಗ ಜಿಲ್ಲೆ. 1997ರಲ್ಲಿ ಜಿಲ್ಲೆ ಒಡೆದ ಮೇಲೆ ದಾವಣಗೆರೆಯದು. ಹಾಗಾಗಿ ಎರಡೂ ಕಡೆಯವರು ಅವರನ್ನು ನಮ್ಮವರೇ ಅನ್ನುತ್ತಾರೆ. ಆದರೆ ಊರಿನ ಪುಸ್ತಕವೇ ಊರಿನ ಹುಡುಗರು ಓದುವ ಮೊದಲ ಪುಸ್ತಕ ಆಗಬೇಕೆಂದೇನೂ ಇಲ್ಲ. ಕನ್ನಡ ಪಾಠದ ಜೊತೆಗೆ ಪುಸ್ತಕದ ಬೀರುವಿನ ಬೀಗದ ಕೈಯನ್ನೂ ಇಟ್ಟುಕೊಂಡು ವರ್ಷಗಟ್ಟಲೆ ನೋಡಿದ್ದನ್ನು ಇಲ್ಲಿ ಪಕ್ಕಪಕ್ಕಕ್ಕೆ ಇಟ್ಟು ಹೇಳುತ್ತೇನೆ.

ನನ್ನ ಪರೀಕ್ಷೆ ಸರಳ. ಲೈಬ್ರರಿ ಪಿರಿಯಡ್‌ನಲ್ಲಿ ಕಾದಂಬರಿಯ ಮೊದಲ ಕೆಲವು ಪುಟ ಗಟ್ಟಿಯಾಗಿ ಓದುವುದು, ಕುತೂಹಲ ಕೆರಳಿದ ಜಾಗದಲ್ಲಿ ಮುಚ್ಚಿ ಮೇಜಿನ ಮೇಲೆ ಇಡುವುದು. ಯಾರು ಕೇಳಿಕೊಂಡು ಬರುತ್ತಾರೆ, ಯಾರು ಮುಗಿಸುತ್ತಾರೆ, ಮುಗಿಸಿದವರು ಮುಂದೇನು ಕೇಳುತ್ತಾರೆ ಎಂಬುದಷ್ಟೇ ಲೆಕ್ಕ. ಸಂಜೆ ಮಕ್ಕಳನ್ನು ಕರೆದೊಯ್ಯಲು ಬರುವ ಅಪ್ಪ ಅಮ್ಮಂದಿರಿಗೂ ಹಳೇ ವಿದ್ಯಾರ್ಥಿಗಳಿಗೂ ಪುಸ್ತಕ ಕೊಡುತ್ತೇವೆ. ಹಾಗಾಗಿ ದೊಡ್ಡವರ ರುಚಿಯೂ ರಿಜಿಸ್ಟರಿನಲ್ಲಿ ದಾಖಲಾಗುತ್ತದೆ. ಇಲ್ಲಿ ಹೆಸರಿಸುವ ಪುಸ್ತಕಗಳೆಲ್ಲ ಒಳ್ಳೆಯವೇ. ಯಾರಿಗೆ, ಯಾವಾಗ ಎಂಬುದರಲ್ಲೇ ಸ್ಪರ್ಧೆ ಇರುವುದು.

ಮೊದಲು ದುರ್ಗಾಸ್ತಮಾನ. 1982ರಲ್ಲಿ ಬಂತು, ತ.ರಾ.ಸು. ತೀರಿಕೊಂಡ ಮರುವರ್ಷ, ಅಂದರೆ 1985ರಲ್ಲಿ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಹೈದರಾಲಿ 1779ರಲ್ಲಿ ದುರ್ಗ ಹಿಡಿದು ಮದಕರಿ ನಾಯಕನನ್ನು ಸೆರೆ ಒಯ್ದ ಕಥೆ. ನಮ್ಮ ಹುಡುಗರು ಇದನ್ನು ಹುರುಪಿನಿಂದಲೇ ಒಯ್ಯುತ್ತಾರೆ. ವಾಪಸ್ ಬಂದ ಪುಸ್ತಕದೊಳಗೆ ಗುರುತಿಗಿಟ್ಟ ಬಸ್ ಟಿಕೆಟು ಸಿಗುತ್ತದೆ, ಹೆಚ್ಚೂಕಮ್ಮಿ ಯಾವಾಗಲೂ ಮೊದಲ ನೂರು ಪುಟದೊಳಗೆ. ಹುಡುಗರು ಕಾಯುವುದು ಯುದ್ಧಕ್ಕೆ. 'ಸಾರ್, ಹೈದರಾಲಿ ಯಾವಾಗ ಬರ್ತಾನೆ?' ಎಂದು ಕೇಳುತ್ತಾರೆ. ಆದರೆ ತ.ರಾ.ಸು. ಅವಸರ ಮಾಡುವವರಲ್ಲ. ಪಟ್ಟಕ್ಕೆ ಯಾರು, ರಾಜಮಾತೆ ಓಬವ್ವ ನಾಗತಿಯ ಮನಸ್ಸಿನಲ್ಲಿ ಏನಿದೆ, ಪ್ರಧಾನಿ ಏನು ಹೇಳುತ್ತಾನೆ ಎಂಬ ಅರಮನೆಯ ಒಳಮಾತುಗಳನ್ನೇ ತಾಳ್ಮೆಯಿಂದ ಕಟ್ಟುತ್ತ ಹೋಗುತ್ತಾರೆ. ಹುಡುಗರಿಗೆ ಇಲ್ಲಿ ಇನ್ನೊಂದು ಗೋಜಲು. ಓಬವ್ವ ಅಂದಕೂಡಲೇ ಅವರ ಕಣ್ಣಿಗೆ ಬರುವುದು ಒನಕೆ ಹಿಡಿದು ಕಿಂಡಿಯ ಬಳಿ ನಿಂತವಳು. ಆ ಓಬವ್ವನೇ ಅರಮನೆಯಲ್ಲಿ ಕೂತು ರಾಜಕಾರಣ ಯಾಕೆ ಮಾತಾಡುತ್ತಿದ್ದಾಳೆ ಎಂದು ಒಂಬತ್ತನೇ ತರಗತಿಯ ಹುಡುಗಿ ಕೇಳಿದಳು. ಇಬ್ಬರೂ ಬೇರೆಬೇರೆ ಎಂದು ಮೊದಲೇ ಹೇಳಿಕೊಟ್ಟರೆ ಓದು ಸ್ವಲ್ಪ ಸಲೀಸಾಗುತ್ತದೆ.

ದೊಡ್ಡವರ ಕೈಯಲ್ಲಿ ಇದೇ ಪುಸ್ತಕದ ನಡಿಗೆ ಬೇರೆ. ಚಳ್ಳಕೆರೆ ಕಡೆಯಿಂದ ಬಂದು ಇಲ್ಲಿ ಶೇಂಗಾ ವ್ಯಾಪಾರ ಮಾಡುವ ಒಬ್ಬ ತಂದೆ, ಕಾದಂಬರಿ ಅಂತ ಓದಿದವರೇ ಅಲ್ಲ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಓದಿ ಓದಿ ಮುಗಿಸಿದರು. ಮುಗಿಸಿ ಬಂದು ಮಾತಾಡಿದ್ದು ಯುದ್ಧದ ಬಗ್ಗೆ ಅಲ್ಲ, ಮದಕರಿಯ ತಮ್ಮ ಪರಶುರಾಮ ನಾಯಕನ ಬಗ್ಗೆ. 'ತಮ್ಮ ಅಂದ್ರೆ ಹಂಗಿರ್ಬೇಕು ನೋಡ್ರಿ' ಎಂದರು. ಆಮೇಲೆ ಮನೆಯ ಆಸ್ತಿ ಪಾಲಿನ ಮಾತು ತೆಗೆದರು. ಅದು ಬೇಡ ಬಿಡಿ. ನಲವತ್ತು ದಾಟಿದವರಿಗೆ ದುರ್ಗಾಸ್ತಮಾನಕ್ಕೆ ಸಾಟಿ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಪೂರ್ತಿ ಓದಲು ಆಗದ ಹದಿನೈದರ ಹುಡುಗರಿಗೆ ಕೊನೆಯ ಮುತ್ತಿಗೆಯ ಭಾಗಗಳನ್ನು ನಾನೇ ಓದಿ ಹೇಳುತ್ತೇನೆ. ಮದಕರಿಗೆ 1754ರಲ್ಲಿ ಪಟ್ಟವಾದಾಗ ಅವನೂ ನಿಮ್ಮಂಥ ಹುಡುಗನೇ ಎಂದರೆ ಹಿಂದಿನ ಬೆಂಚಿನವರೂ ಕಿವಿ ನೆಟ್ಟಗೆ ಮಾಡುತ್ತಾರೆ.

ಇನ್ನು ಕರ್ವಾಲೊ. 1980ರ ಪುಸ್ತಕ, ಪೂರ್ಣಚಂದ್ರ ತೇಜಸ್ವಿಯವರದು. ನಡೆಯುವುದು ಮಲೆನಾಡಿನ ಮೂಡಿಗೆರೆಯ ಸುತ್ತ. ನಮ್ಮ ಬಯಲುಸೀಮೆಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ರಕ್ತ ಹೀರುವ ಇಂಬಳ ಕಂಡರಿಯದ, ಜಾಲಿ ಮುಳ್ಳಿನ ನಡುವೆ ಬೆಳೆದ ಮಕ್ಕಳು ಇದನ್ನು ಹೇಗೆ ಓದಿಯಾರು ಎಂದು ಸಹೋದ್ಯೋಗಿಗಳು ಕೇಳಿದ್ದುಂಟು. ಬೀರು ತೆಗೆದು ನೋಡಿದರೆ ಉತ್ತರ ಸಿಗುತ್ತದೆ. ದುರ್ಗಾಸ್ತಮಾನದ ರಟ್ಟು ಇನ್ನೂ ಹೊಳೆಯುತ್ತಿದೆ. ಕರ್ವಾಲೊದ ಬೆನ್ನು ಕಿತ್ತು ಎರಡು ಸಲ ಗೋಂದು ಕಂಡಿದೆ, ಮೂಲೆಗಳು ಮಡಚಿ ಮಡಚಿ ದುಂಡಗಾಗಿವೆ, ನಡುವಿನ ಪುಟಗಳಲ್ಲಿ ಮಂಡಕ್ಕಿ ಒಗ್ಗರಣೆಯ ಎಣ್ಣೆ ಕೂತಿದೆ.

ಯಾಕೆ ಹೀಗೆ? ಕಥೆ ಜೇನುತುಪ್ಪ ಕೊಳ್ಳಲು ಹೋದಲ್ಲಿಂದ ಶುರುವಾಗುತ್ತದೆ. ಅಲ್ಲಿ ಪೀಠಿಕೆಯೂ ಇಲ್ಲ, ವಂಶಾವಳಿಯೂ ಇಲ್ಲ. ನಗು ಮೊದಲ ಪುಟಗಳಲ್ಲೇ ಸಿಗುತ್ತದೆ. ಇದಕ್ಕಿಂತ ದೊಡ್ಡ ಕಾರಣ ಮಂದಣ್ಣ. ಊರಿನವರ ಕಣ್ಣಿಗೆ ಅವನು ಕೆಲಸಕ್ಕೆ ಬಾರದ ಉಂಡಾಡಿ. ವಿಜ್ಞಾನಿ ಕರ್ವಾಲೊ ಮಾತ್ರ ಅವನಲ್ಲಿ ಅಪರೂಪದ ನಿಸರ್ಗಜ್ಞನನ್ನು ಕಾಣುತ್ತಾರೆ, ಅವನನ್ನು ಮುಂದಿಟ್ಟುಕೊಂಡೇ ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೋಗುತ್ತಾರೆ. ಗಣಿತದಲ್ಲಿ ಸದಾ ಬೈಸಿಕೊಳ್ಳುವ, ಆದರೆ ಊರಿನ ಪ್ರತಿ ಬಾವಿಯ ಪ್ರತಿ ಹಕ್ಕಿಗೂಡನ್ನು ಬಲ್ಲ ಹುಡುಗರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಈ ಪುಸ್ತಕವನ್ನು ಬಿಡದೆ ಹಿಡಿದುಕೊಳ್ಳುವವರು ಅವರೇ. ಅಂಥವನೊಬ್ಬ ಕೇಳಿದ: 'ಸಾ, ಹಾರೋ ಓತಿಕ್ಯಾತ ನಿಜವಾಗ್ಲೂ ಇದೆಯಾ, ಬರ್ದಿದ್ದಾ?' ಇದೆ ಎಂದೆ. ಪಶ್ಚಿಮ ಘಟ್ಟದ ಕಾಡುಗಳಲ್ಲಿ, ಅಡಿಕೆ ತೋಟಗಳಲ್ಲಿ ಈಗಲೂ ಇದೆ. ಪಕ್ಕೆಲುಬುಗಳು ಚಾಚಿಕೊಂಡಾಗ ಅವುಗಳ ಮೇಲಿನ ತೊಗಲು ಬಿಚ್ಚಿ ರೆಕ್ಕೆಯಾಗುತ್ತದೆ, ಮರದಿಂದ ಮರಕ್ಕೆ ತೇಲುತ್ತದೆ, ಹಕ್ಕಿಯ ಹಾಗೆ ಬಡಿದು ಹಾರುವುದಿಲ್ಲ. ಕೋಟೆಯ ಬಂಡೆಗಳ ಮೇಲೆ ತಲೆ ಆಡಿಸುವ ನಮ್ಮ ಓತಿಕ್ಯಾತಗಳ ಪಕ್ಕೆಯನ್ನು ಅವನು ಅಂದಿನಿಂದ ಹತ್ತಿರದಿಂದ ನೋಡತೊಡಗಿದ. ಮುಂದೆ ಕೇಳಿದ್ದು ತೇಜಸ್ವಿಯವರದೇ ಪುಸ್ತಕ ಪರಿಸರದ ಕತೆ. ಒಂದು ಪುಸ್ತಕ ಇನ್ನೊಂದಕ್ಕೆ ದಾರಿ ತೋರಿತಲ್ಲ, ನನ್ನ ಲೆಕ್ಕದಲ್ಲಿ ಅದಕ್ಕೇ ಹೆಚ್ಚು ಅಂಕ.

ಕರ್ವಾಲೊ ಎದುರಿಗೆ ಅದೇ ಲೇಖಕರ ಜುಗಾರಿ ಕ್ರಾಸ್ ಇಟ್ಟು ನೋಡಿದೆ. 1994ರದು. ಏಲಕ್ಕಿ ಮಾರಲು ಹೊರಟ ಸುರೇಶ, ಗೌರಿ ಎಂಬ ಗಂಡ ಹೆಂಡತಿ ಒಂದೇ ದಿನದಲ್ಲಿ ಸಿಕ್ಕಿಬೀಳುವ ಸುಳಿ. ವೇಗದಲ್ಲಿ ಇದು ಕರ್ವಾಲೊವನ್ನು ಹಿಂದೆ ಹಾಕುತ್ತದೆ. ಹತ್ತನೇ ತರಗತಿಯ ಹುಡುಗರು, ಪಿಯುಸಿಗೆ ಹೋದ ಹಳಬರು ಇದನ್ನು ಕೆಳಗಿಡುವುದಿಲ್ಲ. ಪ್ರಿಪರೇಟರಿ ಪರೀಕ್ಷೆಯ ವಾರ ಕೊಡಬಾರದು, ಅಷ್ಟೇ. ಆದರೆ ಓದಿ ಮುಗಿಸಿದವರಲ್ಲಿ ಬಹಳ ಜನ 'ಇಂಥದ್ದೇ ಇನ್ನೊಂದು ಕೊಡಿ' ಎನ್ನುತ್ತಾರೆ, ಇಂಥದ್ದೇ ಇನ್ನೊಂದು ಇಲ್ಲ. ಪತ್ತೇದಾರಿ ಎಂದುಕೊಂಡು ಓದಿದವರಿಗೆ ಕಾಡಿನ ಮೇಲೆ ಕಣ್ಣಿಟ್ಟವರ ದಂಧೆಯ ಭಾಗ ತಲೆಗೆ ಹೋಗದೆ ಉಳಿಯುತ್ತದೆ. ಹೀಗಾಗಿ ಮೊದಲು ಕರ್ವಾಲೊ, ಆಮೇಲೆ ಜುಗಾರಿ ಕ್ರಾಸ್ ಎಂಬ ಸರದಿ ಇಟ್ಟುಕೊಂಡಿದ್ದೇನೆ. ಓದುವ ಚಟವೇ ಇಲ್ಲದ, ಮೊಬೈಲ್ ಬಿಡದ ಹುಡುಗನಾದರೆ ಮಾತ್ರ ಸರದಿ ಉಲ್ಟಾ. ತೇಜಸ್ವಿಯವರದೇ ಕಿರಗೂರಿನ ಗಯ್ಯಾಳಿಗಳು ಅಮ್ಮಂದಿರ ಪಾಲು. ಒಬ್ಬಾಕೆ ಒಯ್ದರೆ ಬೀದಿಯ ನಾಲ್ಕು ಮನೆ ಸುತ್ತಿ ಬರುತ್ತದೆ.

ಹಾಗಾದರೆ ಹುಡುಗರಿಗೆ ದುರ್ಗದ ಕಾದಂಬರಿಯೇ ಬೇಡವೇ? ಬೇಕು. ಅದಕ್ಕೆ ನನ್ನ ಆಯ್ಕೆ ಹಂಸಗೀತೆ. ಅದೂ ತ.ರಾ.ಸು. ಅವರದೇ, 1952ರಲ್ಲಿ ಬಂದದ್ದು. ಹದಿನೆಂಟನೇ ಶತಮಾನದ ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ. ದುರ್ಗಾಸ್ತಮಾನದ ಪಕ್ಕದಲ್ಲಿಟ್ಟರೆ ತೆಳ್ಳಗೆ ಕಾಣುತ್ತದೆ, ಹೆಸರುಗಳ ಹೊರೆ ಇಲ್ಲ, ಒಬ್ಬನೇ ಮನುಷ್ಯನ ಹಟದ ಹಿಂದೆ ಹೋಗುತ್ತದೆ. ದುರ್ಗ ಅಂದರೆ ಬತೇರಿ, ಮುತ್ತಿಗೆ, ಕತ್ತಿ ಎಂದೇ ಬೆಳೆದ ಮಕ್ಕಳಿಗೆ ಇದೇ ಬಂಡೆಗಳ ನಡುವೆ ಹಾಡುವವನೊಬ್ಬನಿದ್ದ ಎಂಬುದೇ ಹೊಸ ಸುದ್ದಿ. ಇದರಲ್ಲಿ ತೊಡಕೆಂದರೆ ಸಂಗೀತ. ರಾಗದ ಹೆಸರು ಬಂದಲ್ಲೆಲ್ಲ ಮಕ್ಕಳು ಪುಟ ಹಾರಿಸುತ್ತಾರೆ. ಜಿ.ವಿ. ಅಯ್ಯರ್ 1975ರಲ್ಲಿ ಇದನ್ನು ಸಿನಿಮಾ ಮಾಡಿದಾಗ ಬಾಲಮುರಳಿಕೃಷ್ಣ ಹಾಡಿದ್ದಾರಲ್ಲ, ಅದನ್ನು ಫೋನಿನಲ್ಲಿ ಕೇಳಿಸಿ ನಂತರ ಓದಿದರೆ ಆ ತೊಡಕು ಅರ್ಧ ಕಳೆಯುತ್ತದೆ. ಅದಕ್ಕೂ ಮೊದಲೇ, 1956ರಲ್ಲಿ, ಇದೇ ಕಥೆ ಹಿಂದಿಯಲ್ಲಿ ಬಸಂತ್ ಬಹಾರ್ ಆಗಿತ್ತು ಎಂದರೆ ನಂಬದ ಮಕ್ಕಳು ಮನೆಗೆ ಹೋಗಿ ಹುಡುಕಿ ನೋಡಿ ಬರುತ್ತಾರೆ.

ನಾಗರಹಾವು ಕೇಳುವವರು ಸಿನಿಮಾ ನೋಡಿ ಕೇಳುವವರು. ಪುಟ್ಟಣ್ಣ ಕಣಗಾಲರ 1972ರ ಸಿನಿಮಾ ನಾಗರಹಾವು, ಒಂದು ಗಂಡು ಎರಡು ಹೆಣ್ಣು, ಸರ್ಪಮತ್ಸರ ಎಂಬ ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಮಾಡಿದ್ದು. ಪುಸ್ತಕದಲ್ಲಿ ವಿಷ್ಣುವರ್ಧನ್ ಸಿಗದೆ ಬೇಜಾರಾಗಿ ವಾಪಸ್ ತಂದುಕೊಡುವವರೇ ಜಾಸ್ತಿ. ದೊಡ್ಡವರಿಗೆ ಮಾತ್ರ ಎರಡನ್ನೂ ಹೋಲಿಸಿ ಜಗಳ ಆಡುವ ಸುಖ ಇದೆ.

ಎಂಟನೇ ತರಗತಿಯವರಿಗೆ ಇವೆಲ್ಲ ಇನ್ನೂ ಭಾರ. ತಮ್ಮಣ್ಣ ಬೀಗಾರರ ಬಾವಲಿ ಗುಹೆ, ನಾ. ಡಿಸೋಜರ ಮುಳುಗಡೆಯ ಊರಿಗೆ ಬಂದವರು ಸಾಕು. ಎರಡೂ ಕೇಂದ್ರ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದವು. ಎರಡರಲ್ಲಿ ನಮ್ಮ ಜಿಲ್ಲೆಗೆ ಎರಡನೆಯದು ಹೆಚ್ಚು ನಾಟುತ್ತದೆ. ಭದ್ರಾ ಮೇಲ್ದಂಡೆ ಯೋಜನೆಯ ನೀರು ಬರುತ್ತದೆಂದು ಕಾದು ಕೂತ ಊರುಗಳ ಮಕ್ಕಳಿಗೆ, ನೀರು ಬಂದದ್ದರಿಂದಲೇ ಊರು ಕಳೆದುಕೊಂಡವರೂ ಇದ್ದಾರೆ ಎಂಬುದು ಗೊತ್ತಿರುವುದಿಲ್ಲ. ಶರಾವತಿ ಯೋಜನೆಯ ಕಾಲವನ್ನು ನೌಕರಿಯಲ್ಲಿದ್ದುಕೊಂಡೇ ಹತ್ತಿರದಿಂದ ಕಂಡವರು ಡಿಸೋಜ.

ದೊಡ್ಡವರ ಕಪಾಟಿನಲ್ಲಿ ನಿಜವಾದ ಪೈಪೋಟಿ ಇರುವುದು ಬೆಟ್ಟದ ಜೀವಕ್ಕೂ ಗೃಹಭಂಗಕ್ಕೂ. ಶಿವರಾಮ ಕಾರಂತರ ಬೆಟ್ಟದ ಜೀವ 1943ರದು. ಸುಬ್ರಹ್ಮಣ್ಯದ ಕಡೆ ದಾರಿ ತಪ್ಪಿದ ಶಿವರಾಮು ಎಂಬವನು ಗೋಪಾಲಯ್ಯ, ಶಂಕರಮ್ಮ ಎಂಬ ಮುದಿ ದಂಪತಿಯ ಮನೆ ಸೇರುತ್ತಾನೆ. ಮನೆ ಬಿಟ್ಟು ಹೋದ ಮಗನ ನೆನಪು ಅಲ್ಲಿ ಸದಾ ಸುಳಿಯುತ್ತಿರುತ್ತದೆ. ಒಂಬತ್ತನೇ ತರಗತಿಯಲ್ಲಿ ಇದನ್ನು ಓದಿದಾಗ 'ಇದ್ರಾಗೆ ಏನೂ ನಡೆಯೋದೇ ಇಲ್ಲ ಸಾರ್' ಎಂಬ ತೀರ್ಪು ಬಂತು. ಅದೇ ಪುಸ್ತಕವನ್ನು ಬೆಂಗಳೂರಿನಲ್ಲಿ ಮಕ್ಕಳಿರುವ, ಊರಲ್ಲಿ ಇಬ್ಬರೇ ಉಳಿದಿರುವ ನಿವೃತ್ತರಿಗೆ ಕೊಟ್ಟು ನೋಡಿ. ವಾಪಸ್ ಕೊಡುವಾಗ ಅವರು ಪುಸ್ತಕದ ಬಗ್ಗೆ ಮಾತಾಡುವುದಿಲ್ಲ, ಮಗನ ಫೋನ್ ಬಗ್ಗೆ ಮಾತಾಡುತ್ತಾರೆ.

ಭೈರಪ್ಪನವರ ಗೃಹಭಂಗ 1970ರದು, ನಂಜಮ್ಮನ ಕಥೆ. ಪ್ಲೇಗು, ಬಡತನ, ಬಾಯಿಬಡುಕ ಅತ್ತೆ, ಹೊಟ್ಟೆ ಬಿಟ್ಟರೆ ಬೇರೆ ಗೊತ್ತಿಲ್ಲದ ಗಂಡ. ಬಯಲುಸೀಮೆಯ ಮಾತು, ಶಾನುಭೋಗಿಕೆಯ ಲೆಕ್ಕ, ರಾಗಿ ಮುದ್ದೆ ಎಲ್ಲ ನಮಗೆ ಹತ್ತಿರದ್ದು. ಅಮ್ಮಂದಿರು ಕಣ್ಣೊರೆಸಿಕೊಳ್ಳುತ್ತ ಓದುತ್ತಾರೆ, ಓದಿ ಅಕ್ಕತಂಗಿಯರಿಗೆ ದಾಟಿಸುತ್ತಾರೆ. ನನಗೆ ಇಷ್ಟ ಯಾವುದು ಎಂದರೆ ಬೆಟ್ಟದ ಜೀವ. ಹೆಚ್ಚು ಕೈ ಬದಲಾಯಿಸುವುದು ಯಾವುದು ಎಂದರೆ ಅನುಮಾನವಿಲ್ಲದೆ ಗೃಹಭಂಗ. ಸಾವಿನ ಮೇಲೆ ಸಾವು ಬರುವ ಪುಸ್ತಕವಾದ್ದರಿಂದ ಮನೆಯಲ್ಲಿ ಹೊಸದಾಗಿ ದುಃಖ ಕಂಡವರಿಗೆ ನಾನಾಗಿ ಕೊಡುವುದಿಲ್ಲ. ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಅವರ ಕತೆಗಳನ್ನು ಕೇಳಿಕೊಂಡು ಬರುವ ಅಮ್ಮಂದಿರೂ ಇದ್ದಾರೆ. ಸಣ್ಣ ಕತೆಯಾದ್ದರಿಂದ ಒಲೆಯ ಮೇಲೆ ಅನ್ನ ಬೇಯುವಷ್ಟರಲ್ಲಿ ಒಂದು ಮುಗಿಯುತ್ತದೆ ಎಂಬ ಅನುಕೂಲವನ್ನು ಹೇಳಿದ್ದು ಅವರೇ.

ಚರಿತ್ರೆಯ ಕಾದಂಬರಿ ಬೇಕು, ಆದರೆ ಹೊಸ ಕಾಲದ್ದು ಬೇಕು ಎನ್ನುವ ಹಳೇ ವಿದ್ಯಾರ್ಥಿಗಳಿಗೆ ವಸುಧೇಂದ್ರರ ತೇಜೋ ತುಂಗಭದ್ರಾ (2019). ಲಿಸ್ಬನ್‌ನ ತೇಜೋ ನದಿ ಒಂದು ಕಡೆ, ವಿಜಯನಗರದ ತುಂಗಭದ್ರೆ ಇನ್ನೊಂದು ಕಡೆ. ಹರಿಹರದ ಕಡೆಯಿಂದ ಬಂದವರಿಗೆ ನದಿ ಅವರ ಹಿತ್ತಲಿನದು. ದುರ್ಗಾಸ್ತಮಾನ ಒಂದೇ ಗುಡ್ಡದ ಮೇಲೆ ನಿಂತು ನೋಡಿದರೆ ಇದು ಕಡಲು ದಾಟಿ ಅಲೆಯುತ್ತದೆ, ಅರಸರಿಗಿಂತ ಸಾಮಾನ್ಯರ ಬೆನ್ನು ಹತ್ತುತ್ತದೆ, ಓಟವೂ ಜೋರು. ಆದರೆ ಕ್ರೌರ್ಯದ, ಕಾಮದ ಪ್ರಸಂಗಗಳಿವೆ. ಹಾಗಾಗಿ ಇದನ್ನು ಪ್ರೌಢಶಾಲೆಯ ಮಕ್ಕಳ ಕಪಾಟಿನಲ್ಲಿ ಇಡುವುದಿಲ್ಲ, ಹದಿನೆಂಟು ದಾಟಿದವರಿಗೆ ಮೀಸಲು.

ಈ ಜೂನಿನಲ್ಲಿ ಖರೀದಿಗೆ ಬಂದ ಹಣ ಕಡಿಮೆ. ದುರ್ಗಾಸ್ತಮಾನ ಒಂದು ಪ್ರತಿ ಇದೆ, ಇನ್ನೊಂದು ಬೇಡ ಎಂದು ಬರೆದೆ. ಅದರ ಬೆಲೆಗೆ ಕರ್ವಾಲೊ ಎರಡಾದರೂ ಬರುತ್ತವೆ. ಹಂಸಗೀತೆ ಎರಡು, ಗೃಹಭಂಗ ಒಂದು, ಜುಗಾರಿ ಕ್ರಾಸ್ ಒಂದು. ಪಟ್ಟಿ ನೋಡಿದ ಸಮಿತಿಯ ಹಿರಿಯರೊಬ್ಬರು 'ಏನ್ ಮೇಷ್ಟ್ರೆ, ದುರ್ಗದಲ್ಲಿ ಕೂತ್ಕೊಂಡು ಮೂಡಿಗೆರೆಗೆ ಓಟ್ ಹಾಕ್ತೀರಾ' ಎಂದರು. ರಿಜಿಸ್ಟರ್ ತೆಗೆದು ಅವರ ಮುಂದಿಟ್ಟೆ. ಪುಟ ತಿರುವಿ ನೋಡಿ, ಸಹಿ ಹಾಕಿ, ಹೋಗುವಾಗ ದುರ್ಗಾಸ್ತಮಾನವನ್ನು ತಮ್ಮ ಹೆಸರಿಗೆ ಬರೆಸಿಕೊಂಡು ಒಯ್ದರು.