ಜಾಡ್ 3ರ ದಾಖಲೆ: ಸ್ಟ್ರಿಕ್ಟ್ ಮೋಡ್ ಷರತ್ತನ್ನು ತಿಳಿಸಿರುವ ಬಗೆ

ಹೊರಗಿನಿಂದ ಬರುವ ದತ್ತಾಂಶವನ್ನು, ಅದು ಹೇಗಿರಬೇಕೆಂದು ನಾವು ಬರೆದಿಟ್ಟ ಸ್ಕೀಮಾಕ್ಕೆ ಹೊಂದುತ್ತದೆಯೇ ಎಂದು ಪ್ರೋಗ್ರಾಂ ನಡೆಯುವಾಗಲೇ ಪರಿಶೀಲಿಸಿ, ಅದೇ ಸ್ಕೀಮಾದಿಂದ ಕೋಡ್ ಬರೆಯುವಾಗ ಬೇಕಾಗುವ ಟೈಪನ್ನೂ ಒದಗಿಸುವ ಟೈಪ್‌ಸ್ಕ್ರಿಪ್ಟ್ ಲೈಬ್ರರಿ ಜಾಡ್. ಟೈಪ್‌ಸ್ಕ್ರಿಪ್ಟ್‌ನ ಕಾನ್ಫಿಗ್ ಫೈಲಿನಲ್ಲಿ, ಟೈಪ್ ತಪಾಸಣೆಗಳನ್ನು ಬಿಗಿಗೊಳಿಸುವ ಸ್ಟ್ರಿಕ್ಟ್ ಆಯ್ಕೆಯನ್ನು ಆನ್ ಮಾಡಲೇಬೇಕೆಂಬ ಷರತ್ತನ್ನು ಇದರ 3ನೇ ಆವೃತ್ತಿಯ ದಾಖಲೆಯು ಇನ್‌ಸ್ಟಾಲ್ ಮಾಡುವ ಸೂಚನೆಗಳ ಜೊತೆಗೇ, ನಕಲಿಸಿಕೊಳ್ಳಲು ಸಿದ್ಧವಾದ ಕೆಲವೇ ಸಾಲುಗಳ ಮಾದರಿಯೊಂದಿಗೆ ತಿಳಿಸುತ್ತದೆ. ಇಂಥ ಷರತ್ತನ್ನು ಎಲ್ಲೋ ಅಡಿಟಿಪ್ಪಣಿಯಲ್ಲಿ ಹುದುಗಿಸಿಡುವ ಲೈಬ್ರರಿಗಳೊಡನೆ ಹೆಣಗಾಡಿದವರಿಗೆ ಇದರ ಬೆಲೆ ಗೊತ್ತು.

ಆದರೆ ಕಾರಣವನ್ನು ಅಲ್ಲಿ ಬಿಡಿಸಿ ಹೇಳಿಲ್ಲ. ಎಲ್ಲ ಪ್ರಾಜೆಕ್ಟುಗಳಿಗೂ ಇದು ಒಳ್ಳೆಯ ರೂಢಿ ಎಂದಷ್ಟೇ ಹೇಳಿ ಮುಂದೆ ಸಾಗಲಾಗಿದೆ. ನಿಜವಾದ ಕಾರಣವಿರುವುದು ಸ್ಟ್ರಿಕ್ಟ್‌ನೊಳಗೆ ಅಡಕವಾಗಿರುವ, 2016ರಲ್ಲಿ ಟೈಪ್‌ಸ್ಕ್ರಿಪ್ಟ್ 2.0ರೊಡನೆ ಬಂದ ನಲ್ ತಪಾಸಣೆಯಲ್ಲಿ (strictNullChecks): ಅದು ಆಫ್ ಆಗಿದ್ದರೆ ಏನೂ ಕೊಟ್ಟಿಲ್ಲವೆಂದು ಸೂಚಿಸುವ ಅನ್‌ಡಿಫೈನ್ಡ್ ಎಂಬ ಮೌಲ್ಯ ಪ್ರತಿಯೊಂದು ಟೈಪಿಗೂ ಹೊಂದಿಬಿಡುವುದರಿಂದ, ಹೆಸರು ಕಡ್ಡಾಯ, ವಯಸ್ಸು ಐಚ್ಛಿಕ ಎಂದು ಬರೆದ ಸ್ಕೀಮಾದಿಂದ ಹೊರಬರುವ ಟೈಪಿನಲ್ಲಿ ಎರಡೂ ಐಚ್ಛಿಕವಾಗಿಯೇ ಕಾಣುತ್ತವೆ. ರನ್‌ಟೈಮ್ ಪರಿಶೀಲನೆ ಮಾತ್ರ ಸರಿಯಾಗಿಯೇ ನಡೆಯುವುದರಿಂದ, ದೋಷ ಸ್ಕೀಮಾದಲ್ಲಿದೆಯೋ ಕಾನ್ಫಿಗ್‌ನಲ್ಲಿದೆಯೋ ಎಂಬ ಗೊಂದಲ ಹೆಚ್ಚುತ್ತದೆ. ಈ ಉದಾಹರಣೆಯೊಂದನ್ನು ಷರತ್ತಿನ ಕೆಳಗೇ ಕೊಟ್ಟಿದ್ದರೆ ಯಾರೂ ಅದನ್ನು ಬರಿಯ ಸಲಹೆಯೆಂದು ದಾಟಿಹೋಗುತ್ತಿರಲಿಲ್ಲ. ಹೊಸ ಪ್ರಾಜೆಕ್ಟಿಗೆ ಇಷ್ಟು ಮಾಹಿತಿ ಸಾಕು. ಸ್ಟ್ರಿಕ್ಟ್ ಆನ್ ಮಾಡಿದೊಡನೆ ರಾಶಿ ರಾಶಿ ದೋಷಗಳನ್ನು ತೋರಿಸುವ ಹಳೆಯ ಕೋಡ್ ಇರುವವರು ನಲ್ ತಪಾಸಣೆಯೊಂದನ್ನೇ ಮೊದಲು ಆನ್ ಮಾಡಿ ಸರಿಪಡಿಸುತ್ತ ಹೋಗುವುದು ಮೇಲು.