ಜರ್ಮನ್ ಜೊತೆ ಹೋಟೆಲ್ ತರಬೇತಿ ಪ್ಯಾಕೇಜ್: ತರಗತಿ ಪರವಾಗಿಲ್ಲ, ಪ್ಲೇಸ್‌ಮೆಂಟ್ ನೋಡಿ ಕೊಳ್ಳಿ

ತುಮಕೂರಿನ ಬಿ.ಎಚ್. ರಸ್ತೆ ಕಡೆ ಮಾರುವ ಪ್ಯಾಕೇಜ್ ಇದು: ಬಿ1 (ದಿನನಿತ್ಯದ ವ್ಯವಹಾರ ನಡೆಸುವಷ್ಟು ಭಾಷೆ ಬರುವ ಹಂತ) ತನಕ ಜರ್ಮನ್ ತರಗತಿ, ಸಂದರ್ಶನದ ತಯಾರಿ, ವೀಸಾ ಕಾಗದಪತ್ರ, ಕೊನೆಗೆ ಜರ್ಮನಿಯ ಹೋಟೆಲಿನಲ್ಲಿ ಮೂರು ವರ್ಷದ ಔಸ್‌ಬಿಲ್ಡುಂಗ್, ಅಂದರೆ ವೃತ್ತಿ ತರಬೇತಿ. ಹೋಟೆಲಿನಲ್ಲಿ ಸಂಬಳ ಕೊಟ್ಟು ಕೆಲಸ ಕಲಿಸುತ್ತಾರೆ, ನಡುನಡುವೆ ವೃತ್ತಿಶಾಲೆಗೆ ಕಳಿಸುತ್ತಾರೆ. ದಾರಿ ಒಳ್ಳೆಯದೇ. ತಕರಾರು ಏನಿದ್ದರೂ ಅದನ್ನು ಒಂದೇ ಗಂಟಾಗಿ ಕಟ್ಟಿ ಮಾರುವುದರ ಬಗ್ಗೆ. ತರಗತಿಗೆ ಐದಕ್ಕೆ ನಾಲ್ಕು, ಪ್ಲೇಸ್‌ಮೆಂಟಿಗೆ ಎರಡು.

‘ಮೂರೇ ತಿಂಗಳಲ್ಲಿ ಬಿ1’ ಅನ್ನುವ ಬ್ಯಾನರ್ ನಂಬಬೇಡಿ. ಸೊನ್ನೆಯಿಂದ ಬಿ1 ಮುಟ್ಟಲು 45 ನಿಮಿಷದ 350ರಿಂದ 650 ಪಾಠ ಬೇಕೆಂದು ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಗೋಯೆಥೆ ಸಂಸ್ಥೆಯೇ ಹೇಳುತ್ತದೆ. ದಿನಕ್ಕೆ ಎರಡು ಗಂಟೆ, ತಿಂಗಳಿಗೆ 26 ದಿನ ಎಂದು ಹಿಡಿದರೂ ಮೂರು ತಿಂಗಳಲ್ಲಿ ಆಗುವುದು ಸುಮಾರು 208 ಪಾಠ. ಎಂಟು ತಿಂಗಳು ಅನ್ನುವ ಸೆಂಟರ್ ನಿಜ ಹೇಳುತ್ತಿದೆ.

ಇಲ್ಲಿನ ತರಗತಿಗಳಲ್ಲಿ ವ್ಯಾಕರಣ ಚೆನ್ನಾಗಿ ಕೂರಿಸುತ್ತಾರೆ, ಕಿವಿ ಮಾತ್ರ ತಯಾರಾಗುವುದಿಲ್ಲ. ಪರೀಕ್ಷೆಯ ಆಲಿಸುವಿಕೆಯಲ್ಲಿ ಎರಡು ಭಾಗವನ್ನು ಒಂದೇ ಸಲ ಕೇಳಿಸುತ್ತಾರೆ. ಅಲ್ಲೇ ಹುಡುಗರು ಜಾರುವುದು. ಓದು, ಆಲಿಸು, ಬರೆ, ಮಾತಾಡು ಎಂಬ ನಾಲ್ಕರಲ್ಲೂ ನೂರಕ್ಕೆ 60 ಬೇಕು. ಒಂದರಲ್ಲಿ ಹೋದರೆ ಅದೊಂದನ್ನೇ ಮತ್ತೆ ಬರೆಯಬಹುದು, ಎಲ್ಲಕ್ಕೂ ಮರುಶುಲ್ಕ ಕೇಳಿದರೆ ಕೊಡಬೇಡಿ. ಪರೀಕ್ಷೆ ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ, ಗೋಯೆಥೆ ಸಂಸ್ಥೆಗೆ ಇಲ್ಲಿ ಇರುವ ಹೆಸರು ಅದೇ. ಮೆಜೆಸ್ಟಿಕ್ ತನಕ ರೈಲು, ಅಲ್ಲಿಂದ ನೇರಳೆ ಮೆಟ್ರೋ.

ಈಗ ಪ್ಲೇಸ್‌ಮೆಂಟ್. ಔಸ್‌ಬಿಲ್ಡುಂಗ್ ಎಂದು ಹೇಳಿ ಬರೀ ಹೆಲ್ಪರ್ ಕೆಲಸದ ಪತ್ರ ಕೈಗಿಡುವುದು ಇಲ್ಲಿಯ ದೊಡ್ಡ ಮೋಸ. ಅಸಲಿ ಒಪ್ಪಂದದಲ್ಲಿ ವೃತ್ತಿಯ ಹೆಸರು, ತರಬೇತಿ ಯೋಜನೆ, ಅವಧಿ, ತಿಂಗಳ ಭತ್ಯೆ, ರಜೆ, ಒಂದರಿಂದ ನಾಲ್ಕು ತಿಂಗಳ ಪ್ರೊಬೇಷನ್ ಎಲ್ಲ ಬರೆದಿರುತ್ತದೆ. ಅದನ್ನು ನೋಂದಾಯಿಸುವುದು ಅಲ್ಲಿನ ವಾಣಿಜ್ಯ ಮಂಡಳಿ, ಐಎಚ್‌ಕೆ. ತರಬೇತಿಗೆಂದು ವಿದ್ಯಾರ್ಥಿಯಿಂದ ಹಣ ಪಡೆಯುವ ಕರಾರು ಜರ್ಮನ್ ಕಾನೂನಿನ ಪ್ರಕಾರ ಅಸಿಂಧು. ಹಾಗಾಗಿ ‘ಹೋಟೆಲಿಗೆ ಕಟ್ಟಬೇಕಾದ ಡೊನೇಷನ್’ ಅಂದರೆ ಎದ್ದು ಬನ್ನಿ.

ಭತ್ಯೆಯನ್ನು ರೂಪಾಯಿಗೆ ಗುಣಿಸಿ ತೋರಿಸುವುದು ಇನ್ನೊಂದು ಚಾಳಿ. 2025ರಲ್ಲಿ ಶುರುವಾದ ತರಬೇತಿಗೆ ಮೊದಲ ವರ್ಷದ ಕಾನೂನುಬದ್ಧ ಕನಿಷ್ಠ ತಿಂಗಳಿಗೆ 682 ಯೂರೋ. ಅನೇಕ ಹೋಟೆಲುಗಳು ಇದಕ್ಕಿಂತ ಜಾಸ್ತಿ ಕೊಡುತ್ತವೆ, ಆದರೆ ಆರೋಗ್ಯ ವಿಮೆ, ಪಿಂಚಣಿ ಎಂದು ಸುಮಾರು ಐದನೇ ಒಂದು ಭಾಗ ಹಿಡಿದುಕೊಳ್ಳುತ್ತಾರೆ. ರೂಮು ಹೋಟೆಲಿನದೋ ಹೊರಗೋ, ಬಾಡಿಗೆ ಎಷ್ಟು, ಇದನ್ನು ಬರಹದಲ್ಲಿ ಕೇಳಿ. ಭತ್ಯೆ ಜೀವನಕ್ಕೆ ಸಾಲದು ಎಂದು ಕಂಡರೆ ವೀಸಾ ಕಚೇರಿ ಕೊರತೆಯ ಮೊತ್ತವನ್ನು ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಎಂದು ಮಾತ್ರ ತೆಗೆಯಬಹುದಾದ ಖಾತೆ) ತೋರಿಸಲು ಹೇಳುತ್ತದೆ.

ರಿಸೆಪ್ಷನ್‌ನಲ್ಲಿ ಕೋಟು ಹಾಕಿ ನಿಂತ ಫೋಟೊ ಜಾಹೀರಾತಿನಲ್ಲಿರುತ್ತದೆ, ಹಾಸಿಗೆ ಹಾಸುವ ಫೋಟೊ ಇರುವುದಿಲ್ಲ. ಹೌಸ್‌ಕೀಪಿಂಗ್, ಅಡುಗೆಮನೆ, ಸರ್ವಿಸ್ ಎಲ್ಲ ಸುತ್ತಬೇಕು, ಶನಿವಾರ ಭಾನುವಾರವೂ ಡ್ಯೂಟಿ. ಕ್ಯಾತ್ಸಂದ್ರದ ಹೋಟೆಲಿನಲ್ಲೋ ಊರಿನ ಲಾಡ್ಜಿನಲ್ಲೋ ಎರಡು ತಿಂಗಳು ಸಪ್ಲೈಯರ್ ಆಗಿ ದುಡಿದು ಪತ್ರ ತೆಗೆದುಕೊಂಡರೆ ಸಂದರ್ಶನದಲ್ಲಿ ಮಾತಾಡಲು ಏನಾದರೂ ಇರುತ್ತದೆ.

ದುಡ್ಡನ್ನು ಮೂರು ಕಂತಾಗಿ ಕೇಳಿ: ತರಗತಿಗೆ ಹಂತಹಂತವಾಗಿ, ಒಪ್ಪಂದ ಕೈಗೆ ಬಂದಾಗ ಸ್ವಲ್ಪ, ವೀಸಾ ಆದ ಮೇಲೆ ಉಳಿದದ್ದು. ತರಬೇತಿ ಸಾಮಾನ್ಯವಾಗಿ ಆಗಸ್ಟ್, ಸೆಪ್ಟೆಂಬರಿನಲ್ಲಿ ಶುರು, ವೀಸಾಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಜೂನಿನಲ್ಲಿ ಬಿ1 ಬರೆಸಿ ಅದೇ ವರ್ಷ ವಿಮಾನ ಹತ್ತಿಸುತ್ತೇವೆ ಅನ್ನುವ ಬ್ಯಾಚಿಗೆ ಅಡ್ವಾನ್ಸ್ ಕಟ್ಟಬೇಡಿ.